ಕಾಲು ಮಾತ್ರೆ

ಒಂದು ಮಾತ್ರೆಯ ಕಾಲು ಭಾಗ. ಎರಡು ಕಡೆ ಉಗುರಿನಲ್ಲಿ ಮುರಿದ ಒರಟು ಅಂಚು, ಒಂದು ಕಡೆ ಮಾತ್ರ ದುಂಡು. ಅದರ ಮೇಲೆ ಕಪ್ಪಾಗಿ ಗಟ್ಟಿಯಾದ ಬೆಲ್ಲ, ಬೆಲ್ಲಕ್ಕೆ ಅಂಟಿದ ಎರಡು ಬಿಳಿ ಕೂದಲು. ತೆಂಗಿನ ಚಿಪ್ಪಿನ ಒಳಗೆ, ಹರಿದ ಪೇಪರಿನ ಚೂರುಗಳ ಅಡಿಯಲ್ಲಿ, ಬಚ್ಚಿಟ್ಟ ಹಾಗೆ ಕೂತಿತ್ತು.

ಮಂಡ್ಯದ ಈ ಮನೆಗೆ ಬಂದು ಎರಡು ವರ್ಷವಾದರೂ ಆ ರಟ್ಟಿನ ಪೆಟ್ಟಿಗೆಯನ್ನು ನಾನು ಬಿಚ್ಚಿರಲಿಲ್ಲ. ಗೋಡೆಗೆ ಬಣ್ಣ ಹೊಡೆಸಬೇಕೆಂದು ಮೊನ್ನೆ ಸಂಜೆ ಅಟ್ಟದ ಮೇಲಿನದನ್ನೆಲ್ಲ ಇಳಿಸುವಾಗ ಅದೂ ಇಳಿಯಿತು. ಪಂಜರದ ತಟ್ಟೆ, ಸೂಜಿಯಿಲ್ಲದ ಒಂದು ಸಿರಿಂಜು, ನೋಟ್‌ಬುಕ್ಕು, ಈ ಚಿಪ್ಪು. ಚಿಪ್ಪನ್ನು ಮೂಗಿನ ಹತ್ತಿರ ಹಿಡಿದೆ. ಹಳೆಯ ಬೆಲ್ಲದ ಹುಳಿ ವಾಸನೆ... ಅದರ ಹಿಂದೆಯೇ ದೊಡ್ಡಿಯ ಆ ಓಣಿ, ಓಣಿಯ ಕೊನೆಯ ಜಗಲಿ, ಜಗಲಿಯ ಮೇಲೆ ಎರಡೂ ಕಾಲು ನೀಡಿಕೊಂಡು ಕೂತ ಮನೆಯೊಡತಿ ಅಜ್ಜಿ.

ಭಾರತೀನಗರದ ಒಂದು ಕಾಲೇಜಿನಲ್ಲಿ ಔಷಧ ವಿಜ್ಞಾನ ಕಲಿಸುವ ಕೆಲಸ ಸಿಕ್ಕಾಗ ಅವರ ಮನೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಜನರ ಬಾಯಲ್ಲಿ ಆ ಊರು ಈಗಲೂ ದೊಡ್ಡಿಯೇ. ಕಬ್ಬು ಅರೆಯುವ ಕಾಲದಲ್ಲಿ ಓಣಿಯ ತುಂಬ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಇರುತ್ತಿತ್ತು, ಒಣಗಿಸಿದ ಬಟ್ಟೆಗೂ ಹತ್ತುತ್ತಿತ್ತು. ನಾನು ಮಾತು ಕಡಿಮೆಯವಳು. ಕಾಲೇಜು ಮುಗಿಸಿ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಜ್ಜಿಗೆ ಅದು ಹಿಡಿಸುತ್ತಿರಲಿಲ್ಲ. "ಕಾವ್ಗೆ ಕೂತ ಕೋಳಿ ಅಂಗೆ ಒಳಗೇ ಕೂತಿದ್ದೀಯಲ್ಲ ಮಗ, ಈಚಿಗ್ ಬಾ" ಎಂದು ಜಗಲಿಯಿಂದಲೇ ಕೂಗುತ್ತಿದ್ದರು. ಸಂಜೆಯ ಹೊತ್ತಿಗೆ ಎದ್ದು ಬಂದು ಕರೆಯಲು ಅವರ ಮಂಡಿ ಬಿಡುತ್ತಿರಲಿಲ್ಲ.

ಒಂದು ದಿನ ನಾನು ಎರಡು ಬಿಳಿ ಇಲಿಗಳನ್ನು ಮನೆಗೆ ತಂದೆ. ಕಾಲೇಜಿನಲ್ಲಿ ಪ್ರಯೋಗಕ್ಕೆ ಬಳಸದೆ ಉಳಿದು ವಯಸ್ಸಾಗಿದ್ದ ಹೆಣ್ಣಿಲಿಗಳು. ಕೇಳಿ, ಬರೆದುಕೊಟ್ಟು, ಸಹಿ ಹಾಕಿ ತಂದಿದ್ದೆ. ಯಾಕೆ ತಂದೆ ಎಂದು ಆಗಲೂ ಯಾರಿಗೂ ವಿವರಿಸಲಿಲ್ಲ. ಗುರುತಿಗಾಗಿ ಒಂದರ ಬಲಗಿವಿಯಲ್ಲಿ, ಇನ್ನೊಂದರ ಎಡಗಿವಿಯಲ್ಲಿ ಸಣ್ಣ ಕಚ್ಚು ಇತ್ತು. ನಾನು ಅವನ್ನು ಬಲಗಿವಿ, ಎಡಗಿವಿ ಎಂದೇ ಕರೆಯುತ್ತಿದ್ದೆ.

ಅಜ್ಜಿ ಪಂಜರ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡರು. "ಅಯ್ ನನ್ ಕಂದ! ಊರ್ನೋರೆಲ್ಲ ಇಲಿ ಸಾಯ್ಲಿ ಅಂತ ಮದ್ದು ಹಾಕ್ತಾರೆ, ನೀನು ತೊಡೆ ಮ್ಯಾಲೆ ಮಡಿಕ್ಕಂಡಿದ್ದೀಯಲ್ಲ. ನಿಮ್ಮವ್ವಂಗೆ ಗೊತ್ತಾ?"

ನಮ್ಮವ್ವನಿಗೆ ಗೊತ್ತಿರಲಿಲ್ಲ. ನಮ್ಮ ಊರು ಮಳವಳ್ಳಿ. ಅಲ್ಲಿಯೂ ಇಲಿಯನ್ನು ಯಾರೂ ಸಾಕುವುದಿಲ್ಲ.

ಅಜ್ಜಿ ಇಲಿಗಳ ಮೇಲೆ ಜೀವಮಾನವಿಡೀ ಹಗೆ ಸಾಧಿಸಿದವರು. ನಡುಮನೆಯ ಪಕ್ಕದ ಕೋಣೆಯಲ್ಲಿ ಭತ್ತದ ಮೂಟೆಗಳಿದ್ದವು, ಮೂಟೆಗಳ ಹಿಂದೆ ಮೂರು ಬೋನು, ತೊಲೆಯ ಮೇಲೆ ಇಲಿ ಮದ್ದಿನ ಡಬ್ಬಿ. ಆದರೂ ಪಂಜರ ಬಂದ ವಾರದೊಳಗೆ ಒಂದು ತೆಂಗಿನ ಚಿಪ್ಪಿಗೆ ಕುಡುಗೋಲಿನ ತುದಿಯಲ್ಲಿ ಬಾಗಿಲು ಕೊರೆದು ಕೊಟ್ಟರು. "ಹೆಣ್ಣೆಂಗ್ಸ್ರು ಬಯಲಲ್ಲಿ ಮಲಗ್ತವಾ?" ಎಂದು ನನ್ನನ್ನೇ ಗದರಿಸಿದರು. ಆರು ತಿಂಗಳಿಗೆ ಬಲಗಿವಿ ನಿದ್ದೆಯಲ್ಲೇ ಸತ್ತಿತು. ಉಳಿದ ಎಡಗಿವಿಗೆ ಅವರೇ ಹೆಸರಿಟ್ಟರು. "ಎಡಗಿವಿ ಅಂತ ಯಾರಾದ್ರೂ ಎಸ್ರು ಮಡಗ್ತಾರ? ಇವ್ಳು ಬೆಳ್ಳಿ." ಅಂದಿನಿಂದ ಅವಳು ಬೆಳ್ಳಿಯಾದಳು. ನಾನು ನೋಟ್‌ಬುಕ್ಕಿನಲ್ಲಿ ಮಾತ್ರ ಎಡಗಿವಿ ಎಂದು ಬರೆಯುತ್ತಿದ್ದೆ.

ಅಜ್ಜಿಯ ಮಂಡಿಯ ವಿಷಯ ಹೇಳಬೇಕು. ಹದಿನೈದು ದಿನಕ್ಕೊಮ್ಮೆ ಅವರು ಮಳವಳ್ಳಿ ಬಸ್ಸು ಹತ್ತಿ ಹೋಗಿ ಮಾತ್ರೆ ತರುತ್ತಿದ್ದರು. ಯಾರು ಕೊಡುತ್ತಿದ್ದರೋ, ಅವರು ಏನು ಓದಿದ್ದರೋ ಗೊತ್ತಿಲ್ಲ. ಬಿಡಿ ಮಾತ್ರೆಗಳು, ಪೇಪರಿನ ಪೊಟ್ಟಣದಲ್ಲಿ. ಮೇಲೆ ಅಕ್ಷರವಿಲ್ಲ, ಗೆರೆಯಿಲ್ಲ, ಬಣ್ಣ ತುಸು ಹಳದಿಗೆ ತಿರುಗಿದ ಬಿಳಿ. ಅಜ್ಜಿ ಅವನ್ನು ಕಾಲ್ ಮಾತ್ರೆ ಎನ್ನುತ್ತಿದ್ದರು. ಒಂದು ಸಲ ನಾನೂ ಅದೇ ಬಸ್ಸಿನಲ್ಲಿ ಊರಿಗೆ ಹೊರಟಿದ್ದೆ. ಮಾತ್ರೆಯ ಬಲದಿಂದ ಮೆಟ್ಟಿಲನ್ನು ಸಲೀಸಾಗಿ ಹತ್ತಿ ಬಂದು ನನ್ನ ಪಕ್ಕ ಕೂತು, "ನಿಮ್ಮೂರ್ ಮಾತ್ರೆ ನುಂಗಿ ನುಂಗಿ ನಾನೂ ನಿಮ್ಮೂರೋಳೇ ಆಗೋದೆ ಕಣವ್ವ" ಎಂದು ನಕ್ಕರು. ಆ ನಗುವಿನಲ್ಲಿ ಅವರ ಮುಖವನ್ನು ಹತ್ತಿರದಿಂದ ನೋಡಿದೆ. ಮುಖ ದುಂಡಗೆ ತುಂಬಿಕೊಂಡಿತ್ತು. ಓಣಿಯವರೆಲ್ಲ ಅಜ್ಜಿಗೆ ವಯಸ್ಸಾದ ಮೇಲೆ ಕಳೆ ಬಂತು ಎನ್ನುತ್ತಿದ್ದರು. ಮೊಣಕೈಯಿಂದ ಕೆಳಗೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗಿತ್ತು, ಬಳೆ ತಗುಲಿದಲ್ಲೆಲ್ಲ ನೀಲಿ ಕಲೆ. ನಾನು ಅದನ್ನೇ ಕಲಿಸುವವಳು. ಬ್ಲಾಕ್‌ಬೋರ್ಡಿನ ಮೇಲೆ ಅದೇ ಮುಖದ ಚಿತ್ರ ಬರೆದು, ಸ್ಟೆರಾಯ್ಡನ್ನು ಅತಿಯಾಗಿ ತೆಗೆದುಕೊಂಡರೆ ಹೀಗಾಗುತ್ತದೆ ಎಂದು ಹೇಳಿಕೊಡುವವಳು.

"ಆ ಮಾತ್ರೆ ಒಂದು ಸಲ ಡಾಕ್ಟರಿಗೆ ತೋರಿಸಿ ಅಜ್ಜಿ" ಎಂದೆ.

"ತೋರ್ಸುದ್ರೆ ಬುಡು ಅಂತಾರೆ. ಬುಟ್ರೆ ನಾನು ಮೂಲೆಲಿ ಕೂತ್ಕಬೇಕು. ಕೂತ್ಕಂಡು ಹತ್ತು ವರ್ಸ ಬದ್ಕದ್ಕಿಂತ ಓಡಾಡ್ಕಂಡು ಎಲ್ಡು ವರ್ಸ ಬದ್ಕಿದ್ರೆ ಸಾಕಲ್ವ?"

ಹೇಳಲು ನನ್ನ ಹತ್ತಿರ ಉತ್ತರವಿತ್ತು. ಬಸ್ಸು ಊರು ಮುಟ್ಟುವವರೆಗೆ ಹೇಳಬಹುದಿತ್ತು. ಕಿಟಕಿಯ ಆಚೆ ನೋಡುತ್ತ ಕೂತೆ. ಇನ್ನೊಬ್ಬರ ಮೈಯ ವಿಷಯ, ಇನ್ನೊಂದು ದಿನ ನೋಡೋಣ ಎಂದುಕೊಂಡೆ...

ಬೆಳ್ಳಿಯ ಹಿಂಗಾಲು ಎಳೆಯತೊಡಗಿದ್ದು ಅದಾದ ಮೇಲೆ. ಮೊದಲು ಬಲಗಾಲು, ಆಮೇಲೆ ಎರಡೂ. ಸ್ವಲ್ಪ ದಿನಕ್ಕೆ ಮುಂಗಾಲಲ್ಲಿ ಕಡಲೆಬೀಜ ಹಿಡಿಯಲೂ ಆಗದೆ ಕೆಳಗೆ ಬೀಳಿಸಿ ಅದನ್ನೇ ನೋಡುತ್ತಿದ್ದಳು. ಅವಳನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟುಕೊಂಡು ಮದ್ದೂರಿನ ದನದ ಆಸ್ಪತ್ರೆಗೆ ಹೋದೆ. ಬಸ್ಸಿನಲ್ಲಿ ಕಂಡಕ್ಟರು, "ಕೋಳಿಮರೀನಾ?" ಎಂದು ಕೇಳಿದ. ಹೌದು ಎಂದೆ. ಆಸ್ಪತ್ರೆಯ ಡಾಕ್ಟರು ಬುಟ್ಟಿಯೊಳಗೆ ಬಗ್ಗಿ ನೋಡಿ ಕನ್ನಡಕ ತೆಗೆದರು. "ಇಲಿ ಕಾಟ ತಡೆಯಕಾಗ್ತಿಲ್ಲ ಅಂತ ಬಂದೋರ್ನ ನೋಡಿವ್ನಿ ಮೇಡಂ. ಇಲಿಗೆ ಕಾಲ್ನೋವು ಅಂತ ಬಂದೋರು ನೀವೇ ಫಸ್ಟು." ಹಾಗೆಂದವರು ಮುಂದಿನ ಅರ್ಧ ಗಂಟೆ ಅವಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಮೈಸೂರಿನ ಸ್ನೇಹಿತರೊಬ್ಬರಿಗೆ ಫೋನು ಮಾಡಿ ಕೇಳಿದರು.

ಅವರು ಹೇಳಿದ್ದು ಇಷ್ಟು. ಇದು ಬೆನ್ನುಹುರಿ ಸವೆದ ಮುಪ್ಪಿನ ಕಾಯಿಲೆ ಇರಬಹುದು, ಇಲ್ಲವೇ ತಲೆಯೊಳಗೆ ಗಡ್ಡೆ ಇರಬಹುದು. ಯಾವುದೆಂದು ಇಲ್ಲಿ ಕಂಡುಹಿಡಿಯುವ ದಾರಿಯಿಲ್ಲ. ನೋವು ಕಡಿಮೆ ಮಾಡುವ ಸಿರಪ್ ಕೊಡಬಹುದು, ಅದರಿಂದ ಹಾಯಾಗಿರುತ್ತಾಳೆ, ಕಾಲು ಬರುವುದಿಲ್ಲ. ಗಡ್ಡೆಯೇ ಆಗಿದ್ದರೆ ಸ್ಟೆರಾಯ್ಡ್ ಕೊಟ್ಟಾಗ ಊತ ಇಳಿದು ಕೆಲವು ದಿನ ಎದ್ದು ಓಡಾಡಬಹುದು, ಆದರೆ ಇವಳ ಎದೆಯಲ್ಲಿ ಆಗಲೇ ಗೊರಗೊರ ಇದೆ, ಸ್ಟೆರಾಯ್ಡ್ ಕೊಟ್ಟರೆ ಅದು ಕೆರಳುತ್ತದೆ. ಎರಡನ್ನೂ ಒಟ್ಟಿಗೆ ಮಾತ್ರ ಕೊಡಬಾರದು, ಹೊಟ್ಟೆ ಹುಣ್ಣಾಗಿ ಒಳಗೇ ರಕ್ತ ಹೋಗುತ್ತದೆ. ಒಂದನ್ನು ನಿಲ್ಲಿಸಿ ಕೆಲವು ದಿನ ಬಿಟ್ಟು ಇನ್ನೊಂದನ್ನು ಶುರುಮಾಡಬೇಕು. "ನೀವೇ ಓದಿದ್ದೀರಲ್ಲ, ಯೋಚ್ನೆ ಮಾಡಿ" ಎಂದರು.

ಯೋಚನೆ ಮಾಡಿದೆ. ಅದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಸಿರಪ್ ಶುರುಮಾಡಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆಗಳನ್ನು ಮಾಡಿದೆ: ತಾರೀಖು, ತೂಕ, ಔಷಧಿ, ಪ್ರಮಾಣ, ಕೊಟ್ಟವರು. ಕೊಟ್ಟವರು ಎಂಬ ಮನೆಯಲ್ಲಿ ದಿನವೂ ನನ್ನ ಸಹಿ. ಸ್ಟೆರಾಯ್ಡಿಗೆ ಬದಲಾಯಿಸುವುದಾದರೆ ನಡುವಿನ ಆ ಖಾಲಿ ದಿನಗಳಲ್ಲಿ ಅವಳಿಗೆ ಯಾವ ಔಷಧಿಯೂ ಇರುವುದಿಲ್ಲ. ನೋವನ್ನು ಪೂರ್ತಿ ಅವಳಿಗೇ ಬಿಟ್ಟು ನಾನು ನೋಡುತ್ತ ಕೂರಬೇಕು. ಬದಲಾಯಿಸದಿದ್ದರೆ ಮಿಕ್ಕ ದಿನಗಳನ್ನೆಲ್ಲ ಹೊಟ್ಟೆಯ ಮೇಲೆ ತೆವಳಿಕೊಂಡೇ ಕಳೆಯುತ್ತಾಳೆ. ಮೂರು ವಾರ ತೂಗಿದೆ. ಅಡುಗೆಯ ತಕ್ಕಡಿಯಲ್ಲಿ ಅವಳ ತೂಕ ದಿನಕ್ಕೆ ಒಂದೆರಡು ಗ್ರಾಂ ಇಳಿಯುತ್ತಿತ್ತು.

ಅಜ್ಜಿ ಸಂಜೆ ಹೊತ್ತು ನೋಟ್‌ಬುಕ್ಕನ್ನು ಓದಿಸಿಕೊಳ್ಳುತ್ತಿದ್ದರು. ಅದಕ್ಕೇ ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೆ. ಒಂದು ಸಂಜೆ ಅವರಿಗೆ ರೇಗಿತು. "ನೋವು ಅಂತೀಯ. ಮದ್ದು ಅದೆ ಅಂತೀಯ. ಕೊಡಕಿಲ್ಲ ಅಂತೀಯ. ಬರ್ಕಂಡು ಕೂತ್ರೆ ಕಾಲು ಬಂದದಾ?"

ನಾನು ತಾಳ್ಮೆಯಿಂದ ವಿವರಿಸಿದೆ ಎಂದುಕೊಂಡಿದ್ದೆ. ಇನ್ನೊಂದು ಔಷಧಿ ಕೊಟ್ಟರೆ ಎದ್ದು ಓಡಾಡಬಹುದು ಅಜ್ಜಿ, ನೀವು ನುಂಗುವುದೂ ಬಹುಶಃ ಅದೇ ಜಾತಿಯದು, ಆದರೆ... ಆ 'ಆದರೆ'ಯ ನಂತರ ನಾನು ಹೇಳಿದ್ದೆಲ್ಲ ಪಾಠದ ಭಾಷೆಯಲ್ಲಿತ್ತು. ಅಜ್ಜಿ ಪಂಜರದ ಕಡೆಗೆ ತಿರುಗಿದ್ದರು. ಬೆಳ್ಳಿ ಚಿಪ್ಪಿನ ಬಾಗಿಲಿಗೆ ತಲೆಯನ್ನು ಒರಗಿಸಿ ಮಲಗಿದ್ದಳು. "ನಂದೂ ಅದೇ ಕಾಲು, ಅವ್ಳ್ದೂ ಅದೇ ಕಾಲು" ಎಂದರು, ನನಗಲ್ಲ, ಅವಳಿಗೆ.

ಅದೇ ವಾರ ಭತ್ತದ ಕೋಣೆಯಲ್ಲಿ ಎರಡು ಮೂಟೆ ತೂತಾದವು. "ಇನ್ನೊಂದ್ಸಲ ಮದ್ದು ಹಾಕ್ಬೇಕು" ಎಂದು ಅಜ್ಜಿ ಸೊಸೆಗೆ ಹೇಳಿದ್ದು ನನ್ನ ಕೋಣೆಗೂ ಕೇಳಿಸಿತು. ಬೆಳ್ಳಿಯನ್ನು ಹೊರಗೆ ಬಿಡಬಾರದು ಎಂದು ನಾನು ಪಂಜರದ ಬಾಗಿಲಿಗೆ ಇನ್ನೊಂದು ಕೊಂಡಿ ಹಾಕಿದೆ.

ಆಮೇಲೆ ಉತ್ತರ ಪತ್ರಿಕೆ ತಿದ್ದುವ ಕೆಲಸ ಬಂತು. ನಾಲ್ಕು ದಿನ, ಬೆಳಿಗ್ಗೆ ಮಂಡ್ಯಕ್ಕೆ ಹೋಗಿ ಸಂಜೆ ವಾಪಸು. ಹೋಗುವ ಮೊದಲು ಸಿರಪ್ ಕೊಡುತ್ತಿದ್ದೆ. ಮಧ್ಯಾಹ್ನ ರಾಗಿ ಗಂಜಿ ನೆಕ್ಕಿಸಲು ಕೋಣೆಯ ಕೀಲಿಯನ್ನು ಅಜ್ಜಿಗೆ ಕೊಟ್ಟಿದ್ದೆ.

ಎರಡನೆಯ ಸಂಜೆ ಬಾಗಿಲು ತೆರೆದಾಗ ಬೆಳ್ಳಿ ಹಿಂಗಾಲ ಮೇಲೆ ನಿಂತು ಸರಳು ಹಿಡಿದುಕೊಂಡಿದ್ದಳು. ಕಡಲೆಬೀಜ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ತಿಂದಳು. ನಾನು ಓಡಿ ಹೋಗಿ ಜಗಲಿಯಲ್ಲಿ ಹೇಳಿದೆ. ಅಷ್ಟು ದಿನದಲ್ಲಿ ನಾನಾಗಿ ಅವರನ್ನು ಹುಡುಕಿಕೊಂಡು ಹೋದದ್ದು ಅದೇ ಮೊದಲು. ಅಜ್ಜಿ ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಕಣ್ಣಲ್ಲೇ ನಕ್ಕರು. "ನಾಳೀಕೂ ಓಡಾಡ್ತಾಳೆ ಬುಡು" ಎಂದರು.

ನನ್ನ ವಿದ್ಯಾರ್ಥಿಯೊಬ್ಬಳು ಹೀಗೊಂದು ಫಲಿತಾಂಶ ತಂದಿದ್ದರೆ, ಕಾರಣವೇನು ಎಂದು ಕೇಳದೆ ಬಿಡುತ್ತಿರಲಿಲ್ಲ. ನಾನು ಕೇಳಲಿಲ್ಲ. ನೋಟ್‌ಬುಕ್ಕಿನಲ್ಲಿ 'ಚೇತರಿಕೆ' ಎಂದು ಬರೆದು ಅಡಿಗೆರೆ ಹಾಕಿದೆ.

ಐದನೆಯ ದಿನ ನಾನು ಮನೆಯಲ್ಲಿದ್ದೆ. ಬೆಳಿಗ್ಗೆ ಪಂಜರದ ತಟ್ಟೆಯಲ್ಲಿ ಡಾಂಬರಿನಂಥ ಕಪ್ಪು ಹಿಕ್ಕೆ. ಬೆಳ್ಳಿಯ ಕಿವಿಗಳು ಕಾಗದದ ಹಾಗೆ ಬಿಳಿಚಿಕೊಂಡಿದ್ದವು, ಪಾದಗಳು ತಣ್ಣಗೆ. ಮದ್ದೂರಿಗೆ ಹೋಗಲು ಬುಟ್ಟಿ ತೆಗೆದೆ, ಬುಟ್ಟಿಯೊಳಗೆ ಇಡುವ ಮೊದಲೇ ನನ್ನ ಅಂಗೈಯಲ್ಲಿ ಒಂದು ಸಲ ಚಾಚಿಕೊಂಡಳು. ಅಷ್ಟೇ.

ಅವಳನ್ನು ಹಿಡಿದುಕೊಂಡೇ ಜಗಲಿಗೆ ಬಂದೆ. "ಒಳಗೆ ರಕ್ತ ಸೋರಿದೆ ಅಜ್ಜಿ" ಎಂದೆ. ಅಜ್ಜಿ ನನ್ನ ಕೈಯನ್ನು ನೋಡಿದರು, ಆಮೇಲೆ ಮುಖವನ್ನು. ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು.

"ನಾನೇ ಕಣವ್ವ. ನಾನೇ ಇಲಿಗೆ ಮದ್ದು ಹಾಕ್ದೆ..."

ನಮ್ಮ ಸೀಮೆಯಲ್ಲಿ ಆ ಮಾತಿಗೆ ಒಂದೇ ಅರ್ಥ. ಅವರ ಬಾಯಲ್ಲೇ ಅದೇ ಅರ್ಥದಲ್ಲಿ ಅದನ್ನು ವಾರದ ಹಿಂದೆ ಕೇಳಿದ್ದೆ. ತೊಲೆಯ ಮೇಲಿನ ಆ ಡಬ್ಬಿಯ ವಿಷ ತಿಂದ ಇಲಿ ಸಾಯುವುದೂ ಹಾಗೆಯೇ, ಒಳಗೊಳಗೇ ರಕ್ತ ಸೋರಿ. ಎಲ್ಲವೂ ಹೊಂದಿಕೊಂಡಿತು. ಅವರು ಇನ್ನೂ ಏನೋ ಹೇಳಲು ಕೈಯೆತ್ತಿದ್ದರು. ನಾನು ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಚೆಯಿಂದ ಎರಡು ಸಲ "ಮಗ" ಎಂದು ಕರೆದರು. ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ, ಔಷಧಿ ಎಂಬ ಮನೆಯಲ್ಲಿ, 'ವಿಷ' ಎಂದು ಬರೆದೆ. ಕೊಟ್ಟವರು ಎಂಬ ಮನೆಯನ್ನು ಖಾಲಿ ಬಿಟ್ಟೆ. ಅದನ್ನು ನನ್ನ ದೊಡ್ಡತನ ಎಂದುಕೊಂಡಿದ್ದೆ.

ಬೆಳ್ಳಿಯನ್ನು ಹಿತ್ತಲಿನ ಸೀಬೆ ಗಿಡದ ಬುಡದಲ್ಲಿ ಹೂತೆ. ಮಂಡ್ಯದ ಕಾಲೇಜಿಗೆ ಬರಲು ಮೊದಲೇ ಕರೆಯಿತ್ತು, ಒಪ್ಪಿಕೊಂಡೆ. ಆ ತಿಂಗಳು ಮುಗಿಯುವವರೆಗೆ ಅಜ್ಜಿಯ ಜೊತೆ ಒಂದು ಮಾತೂ ಆಡಲಿಲ್ಲ. ಜಗಳವಾಡಿದ್ದರೆ ಅವರೂ ತಿರುಗಿ ಬೈದು, ಬೈಗುಳದ ನಡುವೆ ನಿಜ ಹೊರಬೀಳುತ್ತಿತ್ತು. ನಾನು ಜಗಳವಾಡುವವಳಲ್ಲ. ಸಾಮಾನು ಆಟೋಗೆ ಹೇರಿದ ದಿನ ಅವರು ಹೊಸ್ತಿಲ ಹತ್ತಿರ ಗೋಡೆ ಹಿಡಿದು ನಿಂತಿದ್ದರು. "ಓಗ್ ಬತ್ತೀನಿ ಅನ್ನವ್ವ" ಎಂದರು. ಮನೆ ಬಿಡುವಾಗ ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ನಾನು ಎರಡನ್ನೂ ಅನ್ನಲಿಲ್ಲ.

ಐದಾರು ತಿಂಗಳ ಮೇಲೆ ಅವರ ಸೊಸೆ ಫೋನು ಮಾಡಿದರು. ಅಜ್ಜಿ ಬಚ್ಚಲಿನಲ್ಲಿ ಜಾರಿಬಿದ್ದಿದ್ದರು, ಸೊಂಟದ ಮೂಳೆ ಮುರಿದಿತ್ತು. "ಮೂಳೆ ಒಳಗೆಲ್ಲ ಟೊಳ್ಳಂತೆ ಕಣಮ್ಮ. ಯಾವ್ ಮಾತ್ರೆ ತಿಂತಿದ್ರು ಅಂತ ಕೇಳ್ತಾವ್ರೆ, ನಿಮ್ಗೇನಾದ್ರೂ ಗೊತ್ತಾ?" ಮಂಡ್ಯದಲ್ಲೇ ಆಸ್ಪತ್ರೆಗೆ ಸೇರಿಸಿದ್ದರು, ನನ್ನ ಮನೆಯಿಂದ ನಡೆದು ಹೋದರೆ ಹತ್ತು ನಿಮಿಷ. ಸ್ಟೆರಾಯ್ಡ್ ಇರಬಹುದು, ಡಾಕ್ಟರಿಗೆ ಹೇಳಿ ಎಂದೆ. ಅಷ್ಟನ್ನು ಸ್ಪಷ್ಟವಾಗಿ ಹೇಳಿದೆ. ಬಂದು ನೋಡುತ್ತೇನೆ ಎಂದೆ. ಹದಿನೆಂಟು ದಿನ ಅವರು ಅಲ್ಲಿದ್ದರು, ನಾನು ನೋಡಲು ಹೋಗಲಿಲ್ಲ. ಹತ್ತೊಂಬತ್ತನೆಯ ದಿನ ಇರಲಿಲ್ಲ. ಹನ್ನೊಂದನೆಯ ದಿನದ ತಿಥಿಗೂ ನಾನು ಹೋಗಲಿಲ್ಲ.

ಒಂದು ಇಲಿಗಾಗಿ ನೋಟ್‌ಬುಕ್ಕು ಇಟ್ಟವಳು ನಾನು. ನೋವು ಎಷ್ಟು, ಆಯುಷ್ಯ ಎಷ್ಟು, ಯಾವ ಔಷಧಿ, ಯಾವ ದಿನದಿಂದ ಎಂದು ಮೂರು ವಾರ ತೂಗಿದೆ. ಅದೇ ಗೋಡೆಯ ಆಚೆ ಅದೇ ಔಷಧಿಯನ್ನು ತೂಕವಿಲ್ಲದೆ ನುಂಗುತ್ತಿದ್ದವರಿಗೆ ಒಂದು ಬಸ್ಸಿನ ದಾರಿಯಷ್ಟೂ ಮಾತು ಹೇಳಲಿಲ್ಲ...

ಮೊನ್ನೆ ಸಂಜೆ ಆ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ತೊಲೆಯ ಮೇಲಿನ ಡಬ್ಬಿಯ ವಿಷ ಹಸಿರು ಬಣ್ಣದ ಕಾಳು, ಒಂದೊಂದು ಸಲ ನೆಲದ ಮೇಲೆ ಬಿದ್ದದ್ದನ್ನು ನಾನೇ ಗುಡಿಸಿದ್ದೇನೆ. ಇದು ಹಳದಿಗೆ ತಿರುಗಿದ ಬಿಳಿ, ಅಕ್ಷರವಿಲ್ಲ, ಗೆರೆಯಿಲ್ಲ. ಪರೀಕ್ಷೆ ಮಾಡುವ ಅಗತ್ಯವಿರಲಿಲ್ಲ. ದಿನಕ್ಕೊಂದು ಕಾಲು ಚೂರು, ಕಹಿ ತಿಳಿಯದಿರಲಿ ಎಂದು ಬೆಲ್ಲದಲ್ಲಿ ಹುದುಗಿಸಿ. ಬೆಳ್ಳಿ ಒಂದನ್ನು ತಿನ್ನದೆ ಚಿಪ್ಪಿನಲ್ಲಿ ಬಚ್ಚಿಟ್ಟಿದ್ದಳು, ವಯಸ್ಸಾದರೂ ಇಲಿಗಳು ಆ ಅಭ್ಯಾಸ ಬಿಡುವುದಿಲ್ಲ. ಸಿರಪ್ಪಿನ ಮೇಲೆ ಅದು ಬಿದ್ದು ಹೊಟ್ಟೆ ಹುಣ್ಣಾಗಿ ಅವಳು ಸತ್ತಳು. ಅಜ್ಜಿ ಕೊಟ್ಟದ್ದರಿಂದಲೇ ಸತ್ತಳು, ಅದು ಬದಲಾಗುವುದಿಲ್ಲ. ಆದರೆ ಅವರು ಆವತ್ತು ಜಗಲಿಯಲ್ಲಿ ಹೇಳಿದ್ದು ನಿಜವಾದ ಮಾತು, ಅಕ್ಷರಕ್ಕೆ ಅಕ್ಷರ ನಿಜ. ಇಲಿಗೆ ಮದ್ದು ಹಾಕಿದ್ದರು. ತಮಗೆ ನಡಿಗೆ ಕೊಟ್ಟದ್ದನ್ನು ಮುರಿದು ಅವಳಿಗೂ ಕೊಟ್ಟಿದ್ದರು. ಆ ದಿನಗಳಲ್ಲಿ ಬೆಳ್ಳಿ ಎದ್ದು ನಿಂತದ್ದು ಅದರಿಂದಲೇ... ಆ ಸಂಜೆ ನಾನು ಓಡಿಬಂದು ಹೇಳಿದಾಗ ಅವರು ಕಣ್ಣಲ್ಲಿ ನಕ್ಕದ್ದು ಯಾಕೆಂದು ಈಗ ಗೊತ್ತಾಗುತ್ತದೆ. ಈಗ ಗೊತ್ತಾಗಿ ಯಾರಿಗೆ ಏನು?

ಪ್ರಯೋಗಾಲಯದ ದಾಖಲೆಯಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಮೇಲೆ ಬಣ್ಣ ಬಳಿಯುವಂತಿಲ್ಲ. ಒಂದೇ ಗೆರೆ ಎಳೆಯಬೇಕು, ಅಡಿಯ ಅಕ್ಷರ ಓದುವ ಹಾಗೆ ಉಳಿಯಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತಪ್ಪು ಮಾಡಿದವರು ಸಹಿ ಹಾಕಬೇಕು. ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಹೇಳಿಕೊಡುವುದು ಇದನ್ನೇ.

ನಿನ್ನೆ ಬೆಳಿಗ್ಗೆ ವಿದ್ಯಾರ್ಥಿಗಳು ಬರುವ ಮೊದಲು ಕಾಲೇಜಿಗೆ ಹೋಗಿ, ಜೊತೆಗೆ ಒಯ್ದಿದ್ದ ಆ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದೆ. 'ವಿಷ' ಎಂಬುದರ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ 'ಮದ್ದು' ಎಂದು ಬರೆದೆ. ಖಾಲಿ ಬಿಟ್ಟಿದ್ದ ಮನೆಯಲ್ಲಿ 'ಅಜ್ಜಿ' ಎಂದು ಬರೆದೆ. ತಾರೀಖು ಹಾಕಿ, ಕೆಳಗೆ ಸಹಿ ಹಾಕಿದೆ.